ಸಹಾಯ ಬೇಕು: ಹರಳೆಣ್ಣೆ ಪಾಲಿಯುರೆಥೇನ್‌ನಲ್ಲಿ ಗುಳ್ಳೆ
ಎಲ್ಲರಿಗೂ ನಮಸ್ಕಾರ. ಹರಳೆಣ್ಣೆಯಿಂದ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಲೇಪನ ಮಾಡುವ ಪ್ರಾಜೆಕ್ಟ್‌ನಲ್ಲಿದ್ದೇನೆ. ಈ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು 85–90% ರಿಸಿನೋಲಿಯಿಕ್ ಆಮ್ಲವೇ. ಅದರ 12ನೇ ಕಾರ್ಬನ್‌ನಲ್ಲಿ ಹೈಡ್ರಾಕ್ಸಿಲ್ (OH ಗುಂಪು) ಇರುವುದರಿಂದ, ಪಾಲಿಯುರೆಥೇನ್‌ಗೆ ಬೇಕಾದ ಇನ್ನೊಂದು ರಾಸಾಯನಿಕವಾದ ಐಸೊಸಯನೇಟ್ ಜೊತೆ ನೇರವಾಗಿ ಸೇರುತ್ತದೆ. ಸೋಯಾ ಎಣ್ಣೆಗಾದರೆ ಮೊದಲು ಹೈಡ್ರಾಕ್ಸಿಲ್ ಕೂರಿಸಬೇಕು. ಹರಳೆಣ್ಣೆ ನನಗೆ ಇಷ್ಟವಾಗಿದ್ದೇ ಇದಕ್ಕೆ.

ತೊಂದರೆ ಏನಂದ್ರೆ, ಫಿಲ್ಮ್ ತುಂಬಾ ಸಣ್ಣ ಸಣ್ಣ ಗುಳ್ಳೆ. ಎಣ್ಣೆಯಲ್ಲಿ ಉಳಿದ ನೀರು ಐಸೊಸಯನೇಟ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದೆ ಅನಿಸುತ್ತದೆ. ನಿರ್ವಾತದಲ್ಲಿ ಬಿಸಿ ಮಾಡಿ ಒಣಗಿಸಿದರೆ ಸಾಕಾ, ಮಾಲಿಕ್ಯುಲರ್ ಸೀವ್ (ನೀರು ಹೀರುವ ಸೂಕ್ಷ್ಮ ರಂಧ್ರಗಳ ವಸ್ತು) ಕೂಡ ಬೇಕಾ?

ಇನ್ನೊಂದು, ಫಿಲ್ಮ್ ಮೆತ್ತಗಿದೆ. ಗ್ಲಿಸರಾಲ್ ಹಾಕಿದರೆ ಕ್ರಾಸ್‌ಲಿಂಕ್ (ಅಣು ಸರಪಳಿಗಳ ನಡುವಿನ ಕೊಂಡಿ) ಜಾಸ್ತಿಯಾಗುತ್ತದೆ ಅಲ್ವಾ? ಬಿರುಕು ಬಿಡದಂತೆ ಎಷ್ಟರವರೆಗೆ ಹಾಕಬಹುದು? ಲೆಕ್ಕ ಗೊತ್ತಿದೆ, ಕೈಯಾರೆ ಮಾಡಿದವರ ಅನುಭವ ಬೇಕು. ದಯವಿಟ್ಟು ತಿಳಿಸಿ.