ಕಾಡಿಗೂ ರೇಂಜಿಗೂ ಒಂದೇ ಸ್ಕೋಪ್: ಯಾವುದನ್ನು ಕೊಳ್ಳಲಿ?

ಅಮೆರಿಕದಲ್ಲಿ ಬೇಟೆಯ ಅನುಭವವಿರುವ ಕನ್ನಡಿಗರು ದಯವಿಟ್ಟು ದಾರಿ ತೋರಿಸಿ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ನನ್ನ .308 ರೈಫಲ್‌ಗೆ ಸ್ಕೋಪ್ (ಗುರಿ ಹಿಡಿಯಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು) ಬೇಕು. ಬಿಳಿಬಾಲದ ಜಿಂಕೆಯ ಬೇಟೆ ದಟ್ಟ ಕಾಡಿನಲ್ಲಿ, ಹೆಚ್ಚೆಂದರೆ 100 ಗಜ. ರೇಂಜಿನಲ್ಲಿ, ಅಂದರೆ ಗುರಿ ಅಭ್ಯಾಸದ ಮೈದಾನದಲ್ಲಿ, 300 ಗಜದವರೆಗೆ ಅಭ್ಯಾಸ.

ಅಂಗಡಿಯಲ್ಲಿ 3-9×40 (3ರಿಂದ 9 ಪಟ್ಟು ವರ್ಧನೆ, 40 ಮಿ.ಮೀ. ಅಗಲದ ಮುಂದಿನ ಮಸೂರ) ಮತ್ತು 4-16×44 ಎರಡನ್ನೂ ಹಿಡಿದು ನೋಡಿದೆ. ಎರಡನೆಯದು ಭಾರ, ಆದರೂ ದೂರದ ಗುರಿಗೆ ಅದೇ ಹಿಡಿಸಿತು. 16ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 2.75 ಮಿ.ಮೀ. ಮಾತ್ರ, ಮುಸ್ಸಂಜೆಯಲ್ಲಿ ವರ್ಧನೆ ಇಳಿಸಿಕೊಳ್ಳಬಹುದು, ಅದು ಚಿಂತೆಯಲ್ಲ.

ಸಿಕ್ಕಿಕೊಂಡಿರುವುದು ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳು) ವಿಷಯದಲ್ಲಿ. ಫಸ್ಟ್ ಫೋಕಲ್ ಪ್ಲೇನ್ (ವರ್ಧನೆಯ ಜೊತೆ ಗೆರೆಗಳೂ ಹಿಗ್ಗಿ ಕುಗ್ಗುವ ಬಗೆ) ಆದರೆ ಗೆರೆಗಳ ಮೇಲಿನ ಗುರುತುಗಳ ಅಳತೆ ಎಲ್ಲ ವರ್ಧನೆಯಲ್ಲೂ ಸರಿ, ಆದರೆ 4ಕ್ಕೆ ಇಳಿಸಿದಾಗ ಗೆರೆಗಳು ಕೂದಲೆಳೆಯಷ್ಟು ತೆಳುವಾಗುತ್ತವೆ. ಸೆಕೆಂಡ್ ಫೋಕಲ್ ಪ್ಲೇನ್‌ನಲ್ಲಿ ಗೆರೆ ದಪ್ಪವೇ ಇರುತ್ತದೆ, ಅಳತೆ ಮಾತ್ರ ಒಂದೇ ವರ್ಧನೆಯಲ್ಲಿ ಸರಿ. ಗುರಿ ತಪ್ಪಿ ಜಿಂಕೆ ಗಾಯಗೊಂಡು ನರಳುವುದು ನನಗೆ ಖಂಡಿತ ಬೇಡ.

ಮಂದ ಬೆಳಕಿನ ಕಾಡಿನಲ್ಲಿ 4-16ರ ಫಸ್ಟ್ ಫೋಕಲ್ ಪ್ಲೇನ್ ಬಳಸಿದವರು ಹೇಳಿ: ರೆಟಿಕಲ್‌ಗೆ ದೀಪವಿದ್ದರೆ ಆ ತೆಳು ಗೆರೆ ಸಾಕಾಗುತ್ತದೆಯೇ, ಅಥವಾ ಸೆಕೆಂಡ್ ಫೋಕಲ್ ಪ್ಲೇನ್‌ನ 3-9 ಕೊಳ್ಳುವುದೇ ಸರಿಯೇ?