ಖಿನ್ನತೆಗೆ ಮಾತ್ರೆಯ ಬದಲು ನಡಿಗೆ ಬರೆದುಕೊಟ್ಟಿದ್ದಾರೆ: ಇದು ಚಿಕಿತ್ಸೆಯೇ?

ಪ್ರಶ್ನೆ (ರಾಯಚೂರಿನಿಂದ)
ನನ್ನ ತಮ್ಮನಿಗೆ ಮೂರು ತಿಂಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ. ನಿದ್ದೆ ಕೆಟ್ಟಿದೆ, ಅಂಗಡಿಗೆ ಹೋಗುವುದನ್ನೂ ಬಿಟ್ಟಿದ್ದಾನೆ. ಮನೋವೈದ್ಯರು ಇದು ತೀವ್ರವಲ್ಲದ ಖಿನ್ನತೆಯೆಂದು ಹೇಳಿ, ವಾರಕ್ಕೆ ಐದು ದಿನ 30 ನಿಮಿಷಗಳ ಬಿರುಸಿನ ನಡಿಗೆಯನ್ನು ಚೀಟಿಯಲ್ಲಿ ಬರೆದು, ಆರು ವಾರ ಬಿಟ್ಟು ಬರಲು ತಿಳಿಸಿದ್ದಾರೆ. ಇಷ್ಟು ಹೇಳಲು ಡಾಕ್ಟರೇ ಬೇಕಿತ್ತೇ ಎಂದು ಅವ್ವ ಕೇಳುತ್ತಾಳೆ. ತಮ್ಮನಂತೂ ಹಾಸಿಗೆ ಬಿಟ್ಟು ಏಳುತ್ತಿಲ್ಲ. ಏನು ಮಾಡಬೇಕು?

ಉತ್ತರ 1 (ಬಳ್ಳಾರಿ)
ಚಿಕಿತ್ಸೆಯೇ ಹೌದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 50 ವರ್ಷ ದಾಟಿದ 156 ಖಿನ್ನತೆಯ ರೋಗಿಗಳಲ್ಲಿ ಕೆಲವರಿಗೆ ವ್ಯಾಯಾಮ, ಕೆಲವರಿಗೆ ಸರ್ಟ್ರಾಲಿನ್ ಮಾತ್ರೆ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿದಾಗ, 16 ವಾರಗಳ ಕೊನೆಗೆ ಮೂರೂ ಗುಂಪುಗಳ ಚೇತರಿಕೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಆದರೆ ಆರಂಭದಲ್ಲಿ ಮಾತ್ರೆಯವರೇ ಬೇಗ ಸುಧಾರಿಸಿದ್ದರು. 2024ರಲ್ಲಿ 218 ಪ್ರಯೋಗಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯಲ್ಲಿ ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮಗಳು ಮುಂದೆ ನಿಂತವು. ಆದರೂ ಒಂದು ಮಾತನ್ನು ಮುಚ್ಚಿಡಬಾರದು: ವ್ಯಾಯಾಮ ಮಾಡುವವರಿಗೆ ತಾವು ಮಾಡುತ್ತಿರುವುದು ಗೊತ್ತೇ ಇರುತ್ತದೆ, ಗುಣವಾಗುತ್ತದೆಂಬ ನಂಬಿಕೆಯಿಂದಲೂ ತುಸು ಚೇತರಿಕೆ ಕಾಣಬಹುದು; ಆದ್ದರಿಂದ ಇಂಥ ಪ್ರಯೋಗಗಳ ಫಲಿತಾಂಶವನ್ನು ತುಸು ತಗ್ಗಿಸಿಯೇ ಓದಬೇಕು.

ಉತ್ತರ 2 (ಕೊಪ್ಪಳ)
ನಾನು ಇದೇ ದಾರಿಯಲ್ಲಿ ಬಂದವನು. ಏಳುವ ಮನಸ್ಸನ್ನೇ ಕಸಿದುಕೊಳ್ಳುವ ರೋಗಕ್ಕೆ ಎದ್ದು ನಡೆಯುವುದನ್ನು ಮದ್ದಾಗಿ ಬರೆದಾಗ, ಚೀಟಿ ಗೋಡೆಯ ಮೊಳೆಗೇ ಉಳಿಯುತ್ತದೆ. ನನ್ನ ಅಣ್ಣ ಬೆಳಿಗ್ಗೆ ಐದೂವರೆಗೆ ಬಂದು, ಏನನ್ನೂ ಬೋಧಿಸದೆ, ಚಪ್ಪಲಿಯನ್ನು ಮಂಚದ ಬಳಿ ಇಟ್ಟು ಕೂರುತ್ತಿದ್ದ. ಮೊದಲ ವಾರ ಹತ್ತೇ ನಿಮಿಷ ನಡೆದೆವು, ಬೀದಿಯ ತುದಿಯ ಚಹಾದ ಅಂಗಡಿಯವರೆಗೆ. ಬೇಸಿಗೆಯಲ್ಲಿ ನಮ್ಮ ಕಡೆ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುವುದರಿಂದ ಹೊತ್ತು ಏರುವ ಮುನ್ನವೇ ಹೊರಡಿರಿ. ‘ಸೋಮಾರಿ’ ಎಂಬ ಪದ ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ.

ಉತ್ತರ 3 (ಬಳ್ಳಾರಿ)
ಮೇಲಿನವರು ಬಿಟ್ಟದ್ದನ್ನು ಸೇರಿಸುತ್ತೇನೆ. ಈಗಾಗಲೇ ಮಾತ್ರೆ ನುಂಗುತ್ತಿರುವವರು ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು. ನಿಮ್ಮ ತಮ್ಮ ಊಟ ಬಿಟ್ಟರೆ ಅಥವಾ ಸಾವಿನ ಮಾತಾಡಿದರೆ ಆರು ವಾರ ಕಾಯದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲೂ ವಿಚಾರಿಸಿರಿ. ದೇಶಕ್ಕೆಲ್ಲ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ, ಆದರೂ ಇಲ್ಲಿನವರಿಗೇ ಅದು ತಿಳಿದಿಲ್ಲ.

ಪ್ರಶ್ನೆ ಕೇಳಿದವರು
ನಿನ್ನೆ ಚಪ್ಪಲಿ ಇಟ್ಟು ಕೂತೆ; ಅವನು ಏಳಲಿಲ್ಲ. ಇಂದು ಮಾವಿನಕೆರೆಯ ದಂಡೆಯವರೆಗೆ ಬಂದ. ನಾಳೆ ತಾನೂ ಬರುತ್ತೇನೆಂದು ಅವ್ವ ಹೇಳಿದ್ದಾಳೆ.