ಅಪ್‌ಡೇಟ್: ದಿಂಬಂ ಘಾಟ್ ಹತ್ತಿ ತಾಳವಾಡಿ ಮುಟ್ಟಿದ್ವಿ

ಹೋದ ವಾರ ಕೇಳಿದ್ದೆನಲ್ಲ, ಸತ್ಯಮಂಗಲದಿಂದ ತಾಳವಾಡಿಗೆ ಅಮ್ಮನ್ನ ಕೂರಿಸ್ಕೊಂಡು ಸಣ್ಣ ಕಾರಲ್ಲಿ ದಿಂಬಂ ಘಾಟ್ ಹತ್ತಬಹುದಾ, ನಂಗೆ ಆ ದಾರಿ ಹೊಸದು ಅಂತ. ಹೋಗಿ ಬಂದ್ವಿ, ಏನೂ ತೊಂದ್ರೆ ಆಗ್ಲಿಲ್ಲ. ಉತ್ತರ ಕೊಟ್ಟ ಎಲ್ರಿಗೂ ತುಂಬಾ ಥ್ಯಾಂಕ್ಸ್.

ಮೊದಲ ದಿನ ಹತ್ತಲೇ ಇಲ್ಲ. ಘಾಟ್ ಬುಡದಲ್ಲಿರೋ ಬಣ್ಣಾರಿಗೆ ಬಂದಾಗ ಸಂಜೆ ಆಗಿತ್ತು, ಮೇಲಿಂದ ಇಳಿದು ಬಂದ ಲಾರಿಗಳೆಲ್ಲ ಒದ್ದೆ, ಹೆಡ್‌ಲೈಟ್ ಹಾಕ್ಕೊಂಡೇ ಬರ್ತಿದ್ವು, ಅಂದ್ರೆ ಮೇಲೆ ಮಳೆ, ಮಂಜು ಎರಡೂ ಇದೆ ಅಂತ ಅರ್ಥ ಆಯ್ತು. 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಬೇರೆ ಇದೆ. ಟೀ ಅಂಗಡೀಲಿ ಚಾಮರಾಜನಗರದ ಬಸ್ ಡ್ರೈವರ್ ಒಬ್ರು ಸಿಕ್ಕಿದ್ರು, "ಅಮ್ಮನ್ನ ಕರ್ಕೊಂಡ್ ಈಗ ಬ್ಯಾಡ ಸಾ, ಬೆಳಗ್ಗೆ ಹತ್ತಿ" ಅಂದ್ರು. ವಾಪಸ್ ಸತ್ಯಮಂಗಲಕ್ಕೆ ಹೋಗಿ ಉಳ್ಕೊಂಡ್ವಿ.

ಬೆಳಗ್ಗೆ ಬಿಸಿಲಿತ್ತು. 27 ಹೇರ್‌ಪಿನ್ ತಿರುವು, ಆ ಬಸ್ ಡ್ರೈವರ್ ಹೇಳಿದ ಹಾಗೆ ತಿರುವಿಗೆ ಮುಂಚೆನೇ ಗೇರ್ ಇಳಿಸಿ, ಹಾರ್ನ್ ಹೊಡೆದು, ಮೇಲಿಂದ ಉದ್ದದ ಗಾಡಿ ಬರೋದು ಕಂಡ್ರೆ ತಿರುವಿಗೆ ನುಗ್ಗದೆ ಕೆಳಗೇ ಕಾಯ್ತಿದ್ದೆ, ಯಾಕಂದ್ರೆ ಲಾರಿ ತಿರುಗೋಕೆ ಇಡೀ ರಸ್ತೆನೇ ಬೇಕು. ಒಂದು ಲಾರಿ ತಡೆಗೋಡೆಗೆ ಒಂದು ಗೇಣು ಹತ್ರ ಬಂದು ರಿವರ್ಸ್ ತಗೊಂಡು ತಿರುಗ್ತು, ಅಮ್ಮ ನನ್ನ ತೋಳು ಬಿಡ್ಲೇ ಇಲ್ಲ.

ಹಾಸನೂರಿನ ಹತ್ರ ಆನೆ, ಮರಿ ಸಮೇತ. ಕಬ್ಬಿನ ಲಾರಿ ಹಿಂದೆ ಹೋಗ್ಬೇಡಿ, ಕಬ್ಬಿಗೆ ಆನೆ ಬರುತ್ತೆ ಅಂತ ಯಾರೋ ಬರೆದಿದ್ರಿ, ಅದೇ ನೆನಪಾಗಿ ದೂರದಲ್ಲೇ ನಿಲ್ಲಿಸಿದೆ. ವಾಪಸ್ ಬರೋವಾಗ ಪೂರ್ತಿ ಸೆಕೆಂಡ್ ಗೇರಲ್ಲೇ ಇಳಿದೆ, ಮಧ್ಯಾಹ್ನ ಮೂರಕ್ಕೆಲ್ಲ ಬಣ್ಣಾರಿ ಅಮ್ಮನ ಗುಡಿ ಮುಂದೆ ಇದ್ವಿ.